ಶತ್ರುವಿಲ್ಲದವನ ಕರಾಟೆ

ತನಗೆ ಶತ್ರುಗಳೇ ಇಲ್ಲ ಎಂದು ಹೇಳಿಕೊಳ್ಳುವವನನ್ನು ನಾವೆಲ್ಲ ಸಜ್ಜನ ಎಂದುಕೊಳ್ಳುತ್ತೇವೆ. ಅವನಿಗೆ ಅರವತ್ತು ತುಂಬಿದಾಗ ವೇದಿಕೆಯ ಮೇಲೆ ಅದನ್ನೇ ಹೇಳಿ ಶಾಲು ಹೊದಿಸುತ್ತೇವೆ. ನಾನೂ ಐವತ್ತರ ಹತ್ತಿರಕ್ಕೆ ಬರುವವರೆಗೆ ಹಾಗೆಯೇ ನಂಬಿಕೊಂಡು, ಅಂಥದೊಂದು ಶಾಲು ನನಗೂ ಬಂದೀತೆಂದು ಒಳಗೊಳಗೇ ಆಸೆಪಟ್ಟಿದ್ದೆ. ಆದರೆ ಒಬ್ಬ ನಮಗೆ ಶತ್ರುವಾಗಬೇಕಾದರೆ ಮೊದಲು ಅವನು ನಮ್ಮನ್ನು ಗಮನಿಸಿರಬೇಕು, ಒಂದೆರಡು ಸಲ ನಮ್ಮ ಮನೆಗೆ ಬಂದು ಹೋಗಿರಬೇಕು, ಕಡೇಪಕ್ಷ ನಮ್ಮ ಹೆಸರಾದರೂ ಅವನಿಗೆ ಗೊತ್ತಿರಬೇಕು. ಶತ್ರುವನ್ನು ಸಂಪಾದಿಸುವುದಕ್ಕೂ ಒಂದಿಷ್ಟು ಬಳಕೆ ಬೇಕು ಎಂಬುದು ನನಗೆ ತಿಳಿದದ್ದು ದಟ್ಟಗಳ್ಳಿಯ ಕರಾಟೆ ಕ್ಲಾಸಿನಲ್ಲಿ.

ಈ ವಯಸ್ಸಿನಲ್ಲಿ ಕರಾಟೆ ಯಾಕೆ ಎಂದು ನೀವು ಕೇಳಬಹುದು. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ನಾನು ಜಯಲಕ್ಷ್ಮಿಪುರಂನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವನು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಆಗಲಿಲ್ಲ ಅಷ್ಟೇ. ಡಾಕ್ಟರು ದಿನಾ ಮೈ ಬೆವರಬೇಕು ಎಂದರು. ಮೊದಲು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಶುರು ಮಾಡಿದೆ. ಅಲ್ಲಿ ಒಬ್ಬೊಬ್ಬರೇ ನಡೆಯುವವರು ಕಡಿಮೆ. ಇಬ್ಬಿಬ್ಬರು ಜೊತೆಯಾಗಿ ಬರುತ್ತಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೆ ಅದರ ಮದ್ದು ಗೊತ್ತಿರುತ್ತದೆ. ನಾನು ಅಂಥ ಒಂದು ಜೋಡಿಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುತ್ತಿದ್ದೆ. ಅವರಲ್ಲೊಬ್ಬರ ಮಗಳಿಗೆ ಗಂಡು ನೋಡುತ್ತಿದ್ದರು. ಆ ಸಂಬಂಧ ಎಲ್ಲಿಗೆ ಬಂತೆಂದು ಕೇಳಿಕೊಂಡೇ ನನ್ನ ವಾಕಿಂಗ್ ಸಾಗುತ್ತಿತ್ತು. ಒಂದು ಬೆಳಿಗ್ಗೆ ಅವರು ಬೀಗರ ಬಗ್ಗೆ ಏನೋ ತಮಾಷೆ ಮಾಡಿದಾಗ ನಾನೂ ಜೋರಾಗಿ ನಕ್ಕುಬಿಟ್ಟೆ. ಇಬ್ಬರೂ ನಿಂತು, ತಿರುಗಿ ನನ್ನನ್ನು ನೋಡಿದರು. ಮಾರನೆಯ ದಿನದಿಂದ ನಾನು ಕೆರೆಯ ಕಡೆ ಹೋಗಲಿಲ್ಲ. ಆ ಹುಡುಗಿಯ ಮದುವೆ ಆಯಿತೋ ಇಲ್ಲವೋ ಎಂಬ ಯೋಚನೆ ಮಾತ್ರ ಇವತ್ತಿಗೂ ಇದೆ.

ಹಾಗೆ ಕೆರೆ ಬಿಟ್ಟವನು ನಮ್ಮ ಬಡಾವಣೆಯಲ್ಲೇ ‘ದೊಡ್ಡವರಿಗೂ ಕರಾಟೆ’ ಎಂಬ ಬೋರ್ಡು ನೋಡಿ ಸೇರಿಕೊಂಡೆ. ಮಾಸ್ಟರ್ ನನಗಿಂತ ಬಹಳ ಚಿಕ್ಕವರು, ತಾಳ್ಮೆಯವರು. ಗುದ್ದಿನ ಬಲ ಮುಷ್ಟಿಯಲ್ಲಿಲ್ಲ ಎಂದು ಅವರು ಮೊದಲೇ ಹೇಳಿದರು. ಹಿಮ್ಮಡಿ ನೆಲವನ್ನು ಒತ್ತಬೇಕು, ಆ ಒತ್ತು ಸೊಂಟಕ್ಕೆ ಬಂದು ಸೊಂಟ ತಿರುಗಬೇಕು, ಕೈ ಸಡಿಲವಾಗಿ ಹೋಗಿ ತಗಲುವ ಹೊತ್ತಿಗೆ ಮಾತ್ರ ಮುಷ್ಟಿ ಬಿಗಿಯಾಗಬೇಕು. ಒದೆಯುವಾಗ ಮೊದಲು ಮಂಡಿ ಎತ್ತಬೇಕು, ಒದ್ದಷ್ಟೇ ಬೇಗ ಕಾಲನ್ನು ವಾಪಸು ಎಳೆದುಕೊಳ್ಳಬೇಕು. ನನ್ನ ಸೊಂಟ ಅದುವರೆಗೆ ಕೆಳಗಿನ ಶೆಲ್ಫಿನ ಪುಸ್ತಕಕ್ಕೆ ಬಗ್ಗುವುದಕ್ಕೆ ಮಾತ್ರ ಬಳಕೆಯಾಗಿತ್ತು. ಅದು ತಿರುಗಲೂ ಬಲ್ಲದು ಎಂದು ತಿಳಿದು ನನಗೇ ಆಶ್ಚರ್ಯವಾಯಿತು. ಆದರೂ ನಾನು ಗುದ್ದಿದರೆ ನೇತುಹಾಕಿದ ಚೀಲ ಅಲ್ಲಾಡುತ್ತಿರಲಿಲ್ಲ.

ಆಗಲೇ ಮಾಸ್ಟರ್, ಎದುರಿಗೆ ನಿಮ್ಮ ಶತ್ರು ನಿಂತಿದ್ದಾನೆ ಅಂದುಕೊಂಡು ಹೊಡೆಯಿರಿ ಎಂದದ್ದು. ಮಿಕ್ಕವರಿಗೆ ಇದು ಸಲೀಸಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ತಮ್ಮ ಓರಗಿತ್ತಿಯನ್ನು ನೆನೆದು ಕೊಟ್ಟ ಏಟಿಗೆ ಚೀಲ ಗೋಡೆಗೆ ಬಡಿದು ಬಂತು. ನಾನು ಕಣ್ಣು ಮುಚ್ಚಿ ಹುಡುಕಿದೆ. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕಂಡರೆ ನಗುತ್ತಾರೆ, ನನಗಿಂತ ಮುಂಚೆ ಇದ್ದವನ ಹೆಸರಿನಿಂದ ಕರೆಯುತ್ತಾರೆ. ಮನೆಯ ಮಾಲೀಕರು ಬಹಳ ಮರ್ಯಾದಸ್ಥರು. ಪುಸ್ತಕ ತೆಗೆದುಕೊಂಡು ಹೋಗಿ ವಾಪಸು ಕೊಡದ ಒಬ್ಬ ಮೇಷ್ಟರಿದ್ದಾರೆ, ಆದರೆ ನನ್ನನ್ನು ಕಂಡರೆ ತಪ್ಪಿಸಿಕೊಂಡು ಓಡಾಡುವ ಏಕೈಕ ಮನುಷ್ಯ ಎಂಬ ಕಾರಣಕ್ಕೆ ಅವರ ಮೇಲೆ ನನಗೆ ಪ್ರೀತಿಯೇ ಇದೆ. ಗುದ್ದುವಷ್ಟು ಹತ್ತಿರದವರು ನನಗೆ ಯಾರೂ ಇರಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ ನನಗೆ ನಿಜಕ್ಕೂ ದುಃಖವಾಯಿತು.

ಮಾಸ್ಟರ್ ಸುಲಭಕ್ಕೆ ಕೈಬಿಡುವವರಲ್ಲ. ಶತ್ರು ಇಲ್ಲದಿದ್ದರೆ ಬೇಡ, ಕೂಗಿ ಎಂದರು. ಗುದ್ದು ತಗಲುವ ಗಳಿಗೆಯಲ್ಲಿ ಹೊಟ್ಟೆಯಿಂದ ಉಸಿರು ಬಿಟ್ಟು ಕೂಗಬೇಕು, ಆಗ ಬಲ ತಾನಾಗಿ ಬರುತ್ತದೆ. ಲೈಬ್ರರಿಯಲ್ಲಿ ‘ಶ್’ ಎನ್ನುವುದೇ ನನ್ನ ಉದ್ಯೋಗ. ಮನೆಯಲ್ಲಿ ರೇಗಾಡಲು ಯಾರೂ ಇಲ್ಲ. ನನ್ನ ಬಾಯಿಂದ ಹೊರಟದ್ದು ಒಂದು ಕೆಮ್ಮು.

“ಸಾರ್, ನಿಮ್ದು ಎಲ್ಲಾ ಸರಿಯಾಗಿದೆ, ಕೂಗೊಂದೇ ಬರ್ತಿಲ್ಲ,” ಎಂದರು ಮಾಸ್ಟರ್. “ಮನೇಲಿ ಪ್ರಾಕ್ಟೀಸ್ ಮಾಡಿ.”

ಅಂತೂ ಒಂದು ಭಾನುವಾರ ಸಂಜೆ ಬಿಳಿಯ ಕರಾಟೆ ಬಟ್ಟೆ ತೊಟ್ಟು, ಹಾಸಿಗೆಯನ್ನು ಗೋಡೆಗೆ ಒರಗಿಸಿ, ಗಾಳಿಗೆಂದು ಬಾಗಿಲು ತೆರೆದಿಟ್ಟು ನಿಂತೆ. ಎಷ್ಟೋ ಸಲ ಗೊರಗೊರ ಎಂದ ಮೇಲೆ, ಇದ್ದಕ್ಕಿದ್ದಂತೆ ಕೂಗು ಬಂದೇಬಿಟ್ಟಿತು. ಆ ಮನೆಯಲ್ಲಿ ಅದುವರೆಗೆ ಅಷ್ಟು ಗಟ್ಟಿಯಾಗಿ ಕೂಗಿದ್ದು ಕುಕ್ಕರ್ ಮಾತ್ರ. ನನಗೇ ಹೆದರಿಕೆಯಾಯಿತು, ಖುಷಿಯೂ ಆಯಿತು. ಮೇಲಿಂದ ಮೇಲೆ ಕೂಗಿದೆ. ಕೂದಲು ಕೆದರಿತು, ಬೆವರು ಸುರಿಯಿತು, ಕೈಕಾಲು ನಡುಗತೊಡಗಿದವು. ತಿರುಗಿ ನೋಡಿದರೆ ಬಾಗಿಲಲ್ಲಿ ಪಕ್ಕದ ಮನೆಯ ಚಿಕ್ಕತಾಯಮ್ಮ ನಿಂತಿದ್ದರು.

ಚಿಕ್ಕತಾಯಮ್ಮ ತಿ. ನರಸೀಪುರದ ಕಡೆಯ ಹಳ್ಳಿಯವರು. ಮಗ ಸೊಸೆಯ ಜೊತೆ ಪಕ್ಕದ ಮನೆಯಲ್ಲಿದ್ದಾರೆ. ಅದುವರೆಗೆ ನಮ್ಮದು ತಲೆಯಾಡಿಸುವ ಪರಿಚಯ. ಈಗ ಅವರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ, ನಿಂಬೆಹಣ್ಣು, ಉರಿಯುತ್ತಿರುವ ಕರ್ಪೂರ. ಅವರ ಹಿಂದೆ ಸೊಸೆ ಕೈ ಮುಗಿದುಕೊಂಡು ನಿಂತಿದ್ದಳು. ನನ್ನ ಮೈಮೇಲೆ ದೇವರು ಬಂದಿದೆ ಎಂದು ಅವರಿಗೆ ಖಾತ್ರಿಯಾಗಿತ್ತು. ದೇವರು ಬಂದಾಗ ಯಾವ ದೇವರೆಂದು ಕೇಳಿ, ಬೇಕಾದ್ದನ್ನು ಕೊಟ್ಟು ಸಮಾಧಾನ ಮಾಡಿ ಕಳಿಸುವುದು ಅವರ ಕಡೆಯ ಪದ್ಧತಿ. ಅದನ್ನು ಅವರು ಚಾಚೂ ತಪ್ಪದೆ ಮಾಡಿದರು. ನನ್ನ ಹಣೆಗೆ ಕುಂಕುಮ ಇಟ್ಟು, ಕೈಗೆ ನಿಂಬೆಹಣ್ಣು ಕೊಟ್ಟು, ಬಹಳ ಮೃದುವಾಗಿ ಕೇಳಿದರು.

“ಯಾರಪ್ಪ ನೀನು? ಎಲ್ಲಿಂದ ಬಂದೆ? ಏನ್ ಬೇಕು ನಿಂಗೆ, ಯೋಳು. ಕೊಡ್ತೀವಿ.”

ನಾನು ಆಗಲೇ ಹೇಳಬಹುದಿತ್ತು, ಅಮ್ಮಾ, ಇದು ಕರಾಟೆ ಎಂದು. ಆದರೆ ನಿನಗೇನು ಬೇಕು ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಹೋಟೆಲಿನಲ್ಲಿ ಕೇಳುತ್ತಾರೆ, ನಿಜ, ಆದರೆ ಅಲ್ಲಿ ಉತ್ತರ ಗೋಡೆಯ ಮೇಲೆಯೇ ಬರೆದಿರುತ್ತದೆ. ನಾನು ನಿಂಬೆಹಣ್ಣನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಂತೆ. ಅವರು ಕಾದರು. ಕೊನೆಗೆ ಕರ್ಪೂರ ಆರಿಹೋದ ಮೇಲೆ ನಾಚಿಕೊಂಡು ನಿಜ ಹೇಳಿದೆ.

“ಅಂಗಾರೆ ದ್ಯಾವ್ರಲ್ವಾ?” ಎಂದರು ಚಿಕ್ಕತಾಯಮ್ಮ. ಅವರಿಗೆ ನಿರಾಸೆಯಾದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ತಟ್ಟೆ ತೆಗೆದುಕೊಂಡು ಹೊರಟುಹೋದರು. ನಿಂಬೆಹಣ್ಣನ್ನು ಮಾತ್ರ ವಾಪಸು ಕೇಳಲಿಲ್ಲ.

ಅಂದಿನಿಂದ ದಿನಾ ಸಂಜೆ ಬಾಗಿಲು ತೆರೆದಿಟ್ಟು ಕೂಗತೊಡಗಿದೆ. ಅಭ್ಯಾಸಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಮತ್ತೆ ಬಂದು ಕೇಳಿದರೆ ಈ ಸಲ ಉತ್ತರ ತಯಾರಿತ್ತು: ಒಂದು ಗಳಿಗೆ ಕೂತುಕೊಂಡು ಹೋಗಿ ಎನ್ನಬೇಕು. ಆದರೆ ಯಾರೂ ಬರಲಿಲ್ಲ. ಅದು ದೇವರಲ್ಲ, ಕರಾಟೆ, ಗಾಬರಿಯಾಗಬೇಡಿ ಎಂದು ಚಿಕ್ಕತಾಯಮ್ಮ ಬೀದಿಗೆಲ್ಲ ಹೇಳಿಬಿಟ್ಟಿದ್ದರು. ನಾನು ಇನ್ನೂ ಜೋರಾಗಿ ಕೂಗಿದೆ. ಎದುರು ಮನೆಯ ನಾಯಿ ಸಹ ತಲೆಯೆತ್ತಲಿಲ್ಲ. ಇತ್ತ ಕ್ಲಾಸಿನಲ್ಲಿ ನನ್ನ ಗುದ್ದಿಗೆ ಚೀಲ ಅಲ್ಲಾಡತೊಡಗಿತು, ಒದೆಗೆ ಮಾಸ್ಟರ್ ಭೇಷ್ ಎಂದರು. ಆದರೆ ಕೂಗಿ ಕೂಗಿ ಒಂದು ದಿನ ನನ್ನ ಗಂಟಲು ಪೂರ್ತಿ ಬಿದ್ದುಹೋಯಿತು.

ಆ ಸಂಜೆ ಸದ್ದಿಲ್ಲದೆ ಹಾಸಿಗೆಯ ಮೇಲೆ ಮಲಗಿದ್ದೆ. ಬಾಗಿಲು ತಟ್ಟಿದ ಶಬ್ದವಾಯಿತು. ಚಿಕ್ಕತಾಯಮ್ಮ ಬಂದಿದ್ದರು, ಈ ಸಲ ತಟ್ಟೆ ಇರಲಿಲ್ಲ.

“ಯಾಕಪ್ಪ, ಇವತ್ತು ಸದ್ದೇ ಇಲ್ಲ? ನಾನು ನಿನ್ ಕೂಗು ಕೇಳ್ಬುಟ್ಟೇ ದೀಪ ಹಚ್ಚೋದು ಕಣಪ್ಪ. ಉಸಾರಿಲ್ವಾ? ಏನಾರ ಬೇಕಾ?”

ಉತ್ತರ ಬಾಯಲ್ಲೇ ಇತ್ತು, ದನಿ ಇರಲಿಲ್ಲ. ಎದ್ದು ಹೋಗಿ ಕುರ್ಚಿ ಎಳೆದು ತೋರಿಸಿದೆ. ಅವರು ಸೆರಗು ಸರಿಮಾಡಿಕೊಂಡು ಕೂತರು. ಕೂತು, ನನ್ನ ಹೆಸರೇನೆಂದು ಕೇಳಿದರು. ಪಿಸುಗುಟ್ಟಿದೆ. ಮಾರನೆಯ ದಿನ ಮೆಣಸಿನ ಕಷಾಯ ತಂದರು.

ಈಗ ಕ್ಲಾಸಿನಲ್ಲಿ ನಾನು ಕೂಗಿ ಗುದ್ದಿದರೆ ಚೀಲ ಗೋಡೆಗೆ ಬಡಿದು ಬರುತ್ತದೆ. ಕೊನೆಗೂ ಶತ್ರು ಸಿಕ್ಕಿದ ಹಾಗಿದೆ ಎಂದು ಮೊನ್ನೆ ಮಾಸ್ಟರ್ ನಕ್ಕರು. ಗಂಟಲು ಎಂದೋ ಸರಿಹೋಗಿದೆ. ಆದರೆ ನಮ್ಮ ಬೀದಿಯ ತಿರುವಿಗೆ ಬಂದ ಕೂಡಲೇ ನಾನು ಮತ್ತೆ ಪಿಸುಗುಟ್ಟಲು ಶುರು ಮಾಡುತ್ತೇನೆ. ಕಷಾಯ ವಿಪರೀತ ಖಾರ, ಕುಡಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ಲೋಟ ಖಾಲಿಯಾಗುವವರೆಗೆ ಚಿಕ್ಕತಾಯಮ್ಮ ಎದುರಿನ ಕುರ್ಚಿಯಿಂದ ಏಳುವುದಿಲ್ಲ. ಹಾಗಾಗಿ ನಾನು ಬಹಳ ನಿಧಾನವಾಗಿ ಕುಡಿಯುತ್ತೇನೆ.