ದೊಡ್ಡಪ್ಪನ ಪಶ್ಚಿಮ ದಿಗ್ವಿಜಯ

ಅಮೆರಿಕದ ಮೂರನೇ ಅಧ್ಯಕ್ಷರು ಈಗಲೂ ಕಳಸದ ಹತ್ತಿರ ಸಂಸೆಯಲ್ಲಿ ಇದ್ದಾರೆ ಎಂದರೆ ನಂಬುತ್ತೀರಾ? ನಂಬದಿದ್ದರೆ ನಷ್ಟವಿಲ್ಲ. ನಮ್ಮ ದೊಡ್ಡಪ್ಪನ ಎದುರಿಗೆ ಮಾತ್ರ ಹಾಗೆನ್ನಬೇಡಿ! ಎಂಟು ಎಕರೆ ಕಾಫಿ ತೋಟ, ಮಾತು ಕೇಳದ ಎರಡು ಮಂಡಿ, ಮಾತು ಕೇಳದ ಒಬ್ಬ ಹೆಂಡತಿ. ಇಷ್ಟನ್ನು ಇಟ್ಟುಕೊಂಡು ಅವರು ಜಗಲಿಯ ಬೆತ್ತದ ಕುರ್ಚಿಯಿಂದಲೇ ರಾಜ್ಯಭಾರ ಮಾಡುತ್ತಾರೆ.

ಆರು ವರ್ಷದ ಹಿಂದೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಮಲಗಿದ್ದಾಗ ಯಾರೋ ಆ ಮೂರನೇ ಅಧ್ಯಕ್ಷರ ಚರಿತ್ರೆ ಪುಸ್ತಕ ಕೊಟ್ಟರಂತೆ. ಮಂಡಿ ಸರಿಹೋಗಲಿಲ್ಲ, ಪುಸ್ತಕ ತಲೆಗೇರಿತು. ಆ ಅಧ್ಯಕ್ಷರು ಫ್ರಾನ್ಸಿನವರಿಂದ ಪಶ್ಚಿಮದ ಭೂಮಿ ಕೊಂಡು ಒಂದೇ ಸಹಿಗೆ ದೇಶವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

"ಮಾರಿದವ್ರೂ ಆ ಜಾಗ ನೋಡಿರ್ಲಿಲ್ಲ, ಕೊಂಡವ್ರೂ ನೋಡಿರ್ಲಿಲ್ಲ. ಎಂಥ ಧೈರ್ಯ ಮಾರಾಯ್ತಿ!"

ಕಾಫಿ ಲೋಟ ತಂದಿಟ್ಟ ದೊಡ್ಡಮ್ಮ ಒಂದೇ ಮಾತು ಕೇಳಿದರು. "ಅಲ್ರೀ, ಅಲ್ಲಿ ಮೊದ್ಲಿಂದ ಇದ್ದವ್ರನ್ನ ಯಾರಾದ್ರೂ ಕೇಳಿದ್ರಾ?"

"ಕಾಫಿಗೆ ಸಕ್ಕರೆ ಕಮ್ಮಿ" ಎಂದರು ನಮ್ಮ ಅಧ್ಯಕ್ಷರು.

ಮಾತಿನಲ್ಲೇ ಮುಗಿದಿದ್ದರೆ ನಾವು ನಕ್ಕು ಸುಮ್ಮನಿರುತ್ತಿದ್ದೆವು. ಆದರೆ ದೊಡ್ಡಪ್ಪನ ಪಶ್ಚಿಮಕ್ಕೂ ಒಂದು ಬೇಲಿಯಿತ್ತು, ಬೇಲಿಯಾಚೆ ಗಿರಿಜಮ್ಮ ಎಂಬ ವಿಧವೆಯ ಅರ್ಧ ಎಕರೆ ಕಾಫಿಯಿತ್ತು. ಮಲೆನಾಡಿನ ಮಳೆಗೆ ಬೇಲಿಯ ಗೂಟ ಕೊಳೆತು ಕುಂಬಾಗದೆ ಇರುತ್ತದೆಯೇ? ಪ್ರತಿ ವರ್ಷ ಹೊಸ ಗೂಟ ಹಾಕಬೇಕು. ಹಳೆಯ ಗುಳಿಗೇ ಹಾಕಿದರೆ ಗಟ್ಟಿ ನಿಲ್ಲುವುದಿಲ್ಲವಲ್ಲ! ಹಾಗಾಗಿ ಒಂದು ಮೊಳ ಆಚೆ. ಮರುವರ್ಷ ಇನ್ನೊಂದು ಮೊಳ ಆಚೆ. ಈಚೆಗೆ ಏಕೆ ಹಾಕಬಾರದು ಎಂದು ನಾನು ಕೇಳಿದ್ದಕ್ಕೆ ತೋಟದ ಮೇಸ್ತ್ರಿ ನನ್ನನ್ನು ಪಾಪ ಎನ್ನುವಂತೆ ನೋಡಿದ. ಹೋದ ವರ್ಷವಂತೂ ಬೇಲಿ ಭದ್ರವಾಗಲೆಂದು ಹಾಲುವಾಣದ ಮರದ ಹಸಿ ಗೂಟಗಳನ್ನೇ ನೆಡಿಸಿದರು.

ಈ ಜೂನ್‌ನಲ್ಲಿ ನಾನು ಮೂಡಿಗೆರೆಯಿಂದ ಎರಡು ದಿನ ಇರಲು ಹೋಗಿದ್ದೆ. ದೊಡ್ಡಪ್ಪ ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟು ಕ್ಯಾಪ್ಟನ್ ಪದವಿ ದಯಪಾಲಿಸಿದರು. ಅಮೆರಿಕದ ಆ ಅಧ್ಯಕ್ಷರು ಪಶ್ಚಿಮಕ್ಕೆ ಇಬ್ಬರು ಕ್ಯಾಪ್ಟನ್‌ಗಳನ್ನು ಕಳಿಸಿ ಗಿಡ, ಪ್ರಾಣಿ, ಜನ, ಭಾಷೆ ಎಲ್ಲವನ್ನೂ ಬರೆಸಿದ್ದರಂತೆ. ನಲವತ್ತೆರಡರ ವಯಸ್ಸಿಗೆ ನನಗೆ ಸಿಕ್ಕ ಮೊದಲ ಬಡ್ತಿ ಇದು!

"ನೀವೇ ಒಂದ್ಸಲ ಹೋಗಿ ನೋಡ್ಬಾರ್ದಾ ದೊಡ್ಡಪ್ಪ?"

"ಅಧ್ಯಕ್ಷರು ಹೋಗಲ್ಲ ಮಾರಾಯ್ತಿ, ಕಳಿಸ್ತಾರೆ."

ಛತ್ರಿ ಹಿಡಿದು ಬೇಲಿ ದಾಟಿದೆ. ಗಿರಿಜಮ್ಮ ತೋಟಕ್ಕೆ ನುಗ್ಗಿದ ದನವನ್ನು ಬೈಯುತ್ತಿದ್ದರು. ನಾನು ಬರೆದೆ: "ಗಿಡ: ಕಾಫಿ, ಬೆಂಬಲಕ್ಕೆ ಕಳೆ. ಪ್ರಾಣಿ: ಒಂದು ದನ, ಮುನ್ನೂರು ಜಿಗಣೆ. ಭಾಷೆ: ಕನ್ನಡ, ಸ್ವಲ್ಪ ಜೋರು."

ನನ್ನನ್ನು ಕಂಡದ್ದೇ ಅವರು ಒಳಗೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಹೊರಡುವಾಗ ಬೇಲಿಯವರೆಗೆ ಬಂದು ಕಳೆ ಸರಿಸಿ ಒಂದು ಕಲ್ಲು ತೋರಿಸಿದರು. ಮೇಲೆ ವಿಭೂತಿಯ ಗೆರೆ, ಒಂದು ದಾಸವಾಳ. ದೊಡ್ಡಪ್ಪನ ಗೂಟಕ್ಕೂ ಅದಕ್ಕೂ ನಡುವೆ ಒಂದೇ ಮೊಳ.

"ನಮ್ ಯಜಮಾನ್ರು" ಎಂದರು. ಅವರಲ್ಲಿ ಹೂಳುವ ಪದ್ಧತಿ. ದೊಡ್ಡಪ್ಪ ಮಂಡಿ ಹಿಡಿದು ಮಲಗಿದ್ದ ತಿಂಗಳುಗಳಲ್ಲೇ ಗಿರಿಜಮ್ಮನ ಗಂಡ ತೀರಿಹೋಗಿದ್ದರು. "ನಿಮ್ ದೊಡ್ಡಪ್ಪ ದೊಡ್ಡೋರು, ನಾನೇನು ಹೇಳ್ಲಿ ಮಗಳೇ. ಕಾಫಿ ಗಿಡ ಹೋದ್ರೆ ಹೋಗ್ಲಿ. ಬರೋ ವರ್ಷ ಇವ್ರನ್ನ ಮಾತ್ರ ಬೇಲಿ ಆಚೆ ಹಾಕ್ಬೇಡಿ ಅಂತ ಹೇಳ್ತೀಯಾ?"

ದನಕ್ಕೆ ಬೈದ ಗಂಟಲೇ ಇದು ಎಂದು ನನಗೆ ನಂಬಿಕೆಯಾಗಲಿಲ್ಲ. ತಿರುಗಿ ಬರುವಾಗ ನಗು ಎಲ್ಲೋ ಬಿದ್ದುಹೋಗಿತ್ತು. ಅವರ ಮಾತನ್ನು ಒಂದಕ್ಷರ ಬಿಡದೆ ಬರೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಆ ಸಂಜೆ ಅಮೆರಿಕದ ಸುದ್ದಿ ಬರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಕುರ್ಚಿ ಖಾಲಿ! ಗಾಬರಿಯಿಂದ ದೊಡ್ಡಮ್ಮನೂ ನಾನೂ ಓಡಿದೆವು. ಊರುಗೋಲು ಊರಿಕೊಂಡು, ಕೆಸರಿನಲ್ಲಿ ಎರಡು ಸಲ ಜಾರಿ, ದೊಡ್ಡಪ್ಪ ಆ ಕಲ್ಲಿನ ಮುಂದೆ ನಿಂತಿದ್ದರು. ಚಪ್ಪಲಿ ದೂರ ಬಿಟ್ಟಿದ್ದರು. ಎದುರಿಗೆ ಗಿರಿಜಮ್ಮ ಸೆರಗು ಹಿಡಿದು ನಿಂತಿದ್ದರು.

"ನಾನು ಬಂದು ನೋಡ್ಲಿಲ್ಲ ಗಿರಿಜಮ್ಮ. ಅವ್ರು ಹೋದಾಗ್ಲೂ ಬರ್ಲಿಲ್ಲ, ಆಮೇಲೂ ಬರ್ಲಿಲ್ಲ. ತಪ್ಪಾಯ್ತು."

ಮಧ್ಯಾಹ್ನದೊಳಗೆ ಬೇಲಿಯ ತಂತಿ ಆರು ವರ್ಷದ ಹಿಂದಿನ ಜಾಗಕ್ಕೆ ಹಿಂದಿರುಗಿತು. ಆದರೆ ಹಾಲುವಾಣದ ಗೂಟಗಳು ಬೇರುಬಿಟ್ಟು ಚಿಗುರಿದ್ದವು, ಕಿತ್ತರೂ ಬರಲೊಲ್ಲವು. "ಅಲ್ಲೇ ಇರ್ಲಿ, ಅವು ಅವ್ರವೇ" ಎಂದ ದೊಡ್ಡಪ್ಪ ಪ್ರತಿಯೊಂದರ ಬುಡಕ್ಕೂ ನಮ್ಮ ತೋಟದ ಒಳ್ಳೆಯ ಮೆಣಸಿನ ಬಳ್ಳಿ ನೆಡಿಸಿದರು.

ಹೊರಡುವ ದಿನ ನೋಟ್‌ಬುಕ್ ತೆರೆದೆ. "ಭಾಷೆ: ಕನ್ನಡ, ಸ್ವಲ್ಪ ಜೋರು" ಎಂಬ ನನ್ನ ಸಾಲಿಗೆ ಕಾಟು ಹೊಡೆದಿತ್ತು. ಕೆಳಗೆ ದೊಡ್ಡಪ್ಪ ಹೀಗೆ ಬರೆದಿದ್ದರು: "ಮೆತ್ತಗೆ ಮಾತಾಡ್ತಾರೆ. ಆರು ವರ್ಷ ನನಗೆ ಕೇಳಿಸಲಿಲ್ಲ."