ಜಗಲಿಗೊಂದು ಪರವಾನಗಿ

ಬಿಡದಿಯ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಅಲ್ಲಿ ಏಣಿ ಹತ್ತಲು ಪರ್ಮಿಟ್ಟು, ಇಳಿಯಲು ಸಹಿ. ಹಾಗಾಗಿ ಅರ್ಜಿ, ನಕ್ಷೆ, ಮೊಹರುಗಳ ವಿಷಯದಲ್ಲಿ ಕೋಡಿಹಳ್ಳಿ ದಾರಿಯ ನಮ್ಮೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆಯಿತ್ತು. ನಂಬಿದ್ದವನು ನಾನೊಬ್ಬನೇ ಎಂಬುದು ಬೇರೆ ಮಾತು.

ನಮ್ಮ ಮನೆ ಮುಂದಿನ ಜಗಲಿ ತಾತ ಕಟ್ಟಿಸಿದ್ದು. ಅದು ನನ್ನ ಹೆಂಡತಿ ಜಯಮ್ಮನ ಆಸ್ಥಾನ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಹಾಲು ಕರೆದು ಡೇರಿಗೆ ಕೊಟ್ಟು ಬಂದ ಮೇಲೆ ದಿನಕ್ಕೆ ಒಂದು ಗಂಟೆ ಅವಳು ನೆಮ್ಮದಿಯಾಗಿ ಕೂರುತ್ತಿದ್ದ ಜಾಗ ಅದೊಂದೇ. ಬೀದಿಯ ಹೆಂಗಸರೆಲ್ಲ ಬಂದು ಜೊತೆಗೂಡಿ, ಅವರೆಕಾಯಿ ಬಿಡಿಸುತ್ತಾ ಊರಿನ ಗಂಡಸರ ಯೋಗ್ಯತೆ ಅಳೆಯುತ್ತಿದ್ದರು. ಆ ಜಗಲಿಯ ಒಂದು ಚಪ್ಪಡಿ ಬಿರುಕು ಬಿಟ್ಟಿತು.

"ಒಸಿ ಸಿಮೆಂಟ್ ಮೆತ್ತುದ್ರೆ ಸಾಕು ಕಣ್ರೀ," ಎಂದಳು ಜಯಮ್ಮ.

"ತೇಪೆ ಕೆಲಸ ನನ್ನ ಹತ್ರ ಇಲ್ಲ. ಗ್ರಾನೈಟ್ ಜಗಲಿ ಕಟ್ಟಿಸ್ತೀನಿ. ಅದೂ ಲೈಸೆನ್ಸ್ ತಗೊಂಡು!"

ಎದುರು ಮನೆಯ ಸಿದ್ದೇಗೌಡ ನನ್ನ ಬಾಲ್ಯದ ಗೆಳೆಯ. ಬಿದ್ದು ಬಿದ್ದು ನಕ್ಕ. "ಲೇ, ಜಗ್ಲಿಗೆ ಯಾವನ್ಲಾ ಲೈಸೆನ್ಸ್ ತಗಂಡವ್ನೆ? ಹೋದ್ವರ್ಸ ನಾನ್ ಕಟ್ಟುಸ್ಲಿಲ್ವಾ? ಮೇಸ್ತ್ರಿ ಬಂದ, ಕಟ್ದ, ಹೊಂಟೋದ."

"ಅದಕ್ಕೇ ದೇಶ ಹೀಗಿರೋದು," ಎಂದೆ ಗಂಭೀರವಾಗಿ.

ಪುರೋಹಿತರು ಪಂಚಾಂಗ ನೋಡಿದರು. ಸೋಮವಾರ ಬಿಟ್ಟರೆ ಆಷಾಢ, ಆಮೇಲೆ ಒಂದು ತಿಂಗಳು ಗುದ್ದಲಿ ಮುಟ್ಟುವಂತಿಲ್ಲ. ಮುಹೂರ್ತವೋ ಬೆಳಗ್ಗೆ ಆರಕ್ಕೆ, ಪಂಚಾಯಿತಿ ಕಚೇರಿ ತೆರೆಯುವುದೋ ಹನ್ನೊಂದಕ್ಕೆ. ನಾನು ಎರಡನ್ನೂ ಸಂಭಾಳಿಸಿದೆ. ಆರಕ್ಕೆ ಪೂಜೆ ಮಾಡಿಸಿ ಜಗಲಿಯನ್ನು ಬುಡಸಮೇತ ಒಡೆಸಿದೆ. ಹನ್ನೊಂದಕ್ಕೆ ಅರ್ಜಿ ಹಿಡಿದು ಕಚೇರಿಗೆ ಹೋದೆ. ಶಾಸ್ತ್ರಕ್ಕೂ ಗೌರವ, ಶಾಸನಕ್ಕೂ ಗೌರವ!

ಗುಮಾಸ್ತ ಅರ್ಜಿ ನೋಡಿ ಕೇಳಿದ. "ರಿಪೇರಿನಾ, ಹೊಸದಾ ಸಾರ್?"

"ಹಳೇ ಜಗಲಿ ರಿಪೇರಿ."

"ರಿಪೇರಿಗೆ ನಮ್ ಪರ್ಮಿಶನ್ ಬ್ಯಾಡ. ಹೋಗಿ ಮಾಡ್ಕಳಿ."

ಬುದ್ಧಿಯಿದ್ದವನು ಅಲ್ಲಿಂದ ಎದ್ದು ಬರುತ್ತಿದ್ದ. ನಾನು ಮೊಬೈಲ್ ತೆಗೆದೆ. "ಹಾಗಲ್ಲ, ನೀವು ಫೋಟೋ ನೋಡಲೇಬೇಕು. ಎಷ್ಟು ಅಚ್ಚುಕಟ್ಟಾಗಿ ಒಡೆಸಿದ್ದೀನಿ!"

ಆತ ಫೋಟೋವನ್ನು ದೊಡ್ಡದು ಮಾಡಿ ನೋಡಿದ. "ಇಲ್ಲಿ ಜಗ್ಲಿನೇ ಇಲ್ವಲ್ಲ ಸಾರ್! ಇಲ್ದೆ ಇರೋದ್ನ ರಿಪೇರಿ ಮಾಡೋದ್ ಹೆಂಗೆ? ಇದು ಹೊಸ ಕಟ್ಟಡ. ಸರ್ವೆ ಆಗ್ಬೇಕು."

ಆಷಾಢ ಕಳೆಯಿತು, ಶ್ರಾವಣ ಬಂತು, ಸರ್ವೆಯವರು ಬರಲಿಲ್ಲ. ಮನೆ ಮುಂದೆ ಮಾತ್ರ ಒಂದು ಭವ್ಯವಾದ ಗುಂಡಿ. ಹಾಲಿನ ಕ್ಯಾನು ಹಿಡಿದು ಹಲಗೆಯ ಮೇಲೆ ದಾಟುವಾಗಲೆಲ್ಲ ಜಯಮ್ಮ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಕೊನೆಗೂ ಸರ್ವೆಯರು ಬಂದರು. ಟೇಪಿನ ಒಂದು ತುದಿಯನ್ನು ನಾನೇ ಹಿಡಿದೆ. "ಸರಿಯಾಗಿ ಎಳೀರಿ ಸಾರ್, ಒಂದಿಂಚೂ ತಪ್ಪಬಾರದು," ಎಂದೆ. ತಪ್ಪಲಿಲ್ಲ.

"ನಿಮ್ಮ ಜಾಗ ಗೋಡೆಯಿಂದ ಒಂದೂವರೆ ಅಡಿಗೆ ಮುಗೀತು. ಅಲ್ಲಿಂದಾಚೆ ಬೀದಿ," ಎಂದರು.

"ತಾತನ ಜಗಲಿ ನಾಲ್ಕೂವರೆ ಅಡಿ ಇತ್ತಲ್ಲ!"

"ಇದ್ದಿದ್ರೆ ಯಾರೂ ಕೇಳ್ತಿರಲಿಲ್ಲ. ಒಡೆದವರೂ ನೀವೇ, ಅಳೆಸಿದವರೂ ನೀವೇ."

ನನ್ನೊಳಗಿನ ನ್ಯಾಯಪ್ರಜ್ಞೆ ಜಾಗೃತವಾಯಿತು. "ಹಾಗಾದರೆ ಆ ಜಗಲಿ?" ಎಂದು ಎದುರುಗಡೆ ಬೆರಳು ತೋರಿಸಿದೆ. ಇಡೀ ಬೀದಿ ಹೊರಗೆ ಬಂತು.

"ನಿಂದ್ ಹೋಯ್ತು ಅಂತ ನಮ್ದೂ ತಗುಸ್ಬುಟ್ಟೀಯೇನ್ಲಾ?" ಎಂದು ಸಿದ್ದೇಗೌಡ ಪಂಚೆ ಎತ್ತಿ ಕಟ್ಟಿದ.

"ಅವರು ಅರ್ಜಿ ಕೊಟ್ಟಿಲ್ಲ," ಎಂದು ಸರ್ವೆಯರು ಟೇಪು ಸುತ್ತಿಕೊಂಡು ಹೊರಟರು.

ಪರವಾನಗಿ ಬಂತು. ಒಂದೂವರೆ ಅಡಿಯ ಮೆಟ್ಟಿಲಿಗೆ! ಗ್ರಾನೈಟ್ ಹಾಕಿಸಿದೆ. ಜಯಮ್ಮ ಮೊರ ಹಿಡಿದು ಬಂದು ಕೂತಳು. ಅವಳ ಮಂಡಿ ಬೀದಿಗೆ ಚಾಚಿತು. ಸ್ಕೂಟರೊಂದು ಅದನ್ನು ಸವರಿಕೊಂಡೇ ಹೋಯಿತು. ಅವಳು ಎದ್ದು, ಸೀರೆ ಕೊಡವಿಕೊಂಡು, ಸೀದಾ ಎದುರು ಜಗಲಿಗೆ ಹೋದಳು. ಆಗ ನನಗೆ ಹೊಳೆಯಿತು. ನಾನು ಒಡೆಸಿದ್ದು ಕಲ್ಲನ್ನಲ್ಲ, ಅವಳ ದಿನದ ಆ ಒಂದು ಗಂಟೆಯನ್ನು.

"ರೀ, ಕುಕ್ಕರ್ ಇಟ್ಟಿವ್ನಿ. ಮೂರು ಕೂಗ್ದೇಟ್ಗೆ ಆಫ್ ಮಾಡಿ!" ಎಂದು ಅಲ್ಲಿಂದಲೇ ಕೂಗಿದಳು.

ಎರಡು ಕೂಗಿತೋ ಮೂರೋ ಎಂದು ಅನುಮಾನ ಬಂತು. ಹೊರಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ. ಅನ್ನ ಗಂಜಿಯಾಯಿತು. ಜಯಮ್ಮ ಬಂದು ಪಾತ್ರೆಯೊಳಗೆ ಇಣುಕಿದಳು, ಖಾಲಿ ತಟ್ಟೆ ತೆಗೆದುಕೊಂಡಳು, ಮತ್ತೆ ಎದುರು ಮನೆಗೆ ಹೋದಳು. ಅಲ್ಲಿ ಮುದ್ದೆ, ಬಸ್ಸಾರಿನ ಘಮಲು.

ಐದು ನಿಮಿಷ ಮರ್ಯಾದೆ ಕಾಪಾಡಿಕೊಂಡೆ. ಆಮೇಲೆ ನನ್ನ ತಟ್ಟೆಯನ್ನೂ ಹಿಡಿದು ಹೋದೆ.

"ಕೂತ್ಕಳಕ್ಕೆ ಅರ್ಜಿ ತಂದಿದ್ದೀಯೇನ್ಲಾ?" ಎಂದ ಸಿದ್ದೇಗೌಡ.

"ಒಸಿ ಸರ್ಕೊಳ್ಲಾ," ಎಂದು ಜಯಮ್ಮನ ಪಕ್ಕದಲ್ಲಿ ಕೂತೆ. ಅಕ್ರಮ ಜಗಲಿ ಬಹಳ ತಂಪಾಗಿತ್ತು.