ಎರಡು ಟ್ಯಾಂಕು, ಒಂದು ಮೊಳೆ

ಬೆಳಿಗ್ಗೆ ಆರೂವರೆಗೆ ಸಾಹುಕಾರರು ತಾವೇ ಮೊಣಕಾಲೂರಿ ಕೂತು, ಹಳೆಯ ಲಾರಿಯ ಎರಡೂ ಡೀಸೆಲ್ ಟ್ಯಾಂಕುಗಳನ್ನು ಕಂಠಪೂರ್ತಿ ತುಂಬಿಸಿ, ಮೇಲೆ ಹೊಸ ಮುಚ್ಚಳ ತಿರುಗಿಸಿ ಬೀಗ ಹಾಕಿದರು. ಕೀಲಿಗಳು ಅವರ ಬೆಲ್ಟಿಗೆ ಸೇರಿದವು.

"ಇನ್ಮೇಲೆ ಒಂದು ತೊಟ್ಟು ಆಚೆ ಬರಲ್ಲ," ಎಂದರು.

ಹೋದ ತಿಂಗಳು ಶೆಡ್ಡಿನಲ್ಲಿ ಯಾರೋ ಟ್ಯಾಂಕಿಗೆ ಪೈಪು ಬಿಟ್ಟು ಡೀಸೆಲ್ ಎಳೆದಿದ್ದರು. ಎಳೆದವನು ಸಾಹುಕಾರರ ಬಾಮೈದ, ಎಳೆದದ್ದು ತನ್ನ ಜೀಪಿಗೆ ಎಂಬುದು ಶೆಡ್ಡಿನ ನಾಯಿಗೂ ಗೊತ್ತಿತ್ತು. ಆದರೆ ನಾಯಿಯನ್ನು ಯಾರೂ ಕೇಳಲಿಲ್ಲ, ಡ್ರೈವರುಗಳನ್ನೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈಯನ್ನು ನಂಬದ ಸಾಹುಕಾರರು ಅಂಗೈಯಗಲದ ಬೀಗವನ್ನು ನಂಬಿದರು.

ಆ ಕೈಯ ಒಡೆಯ ಪಕ್ಕದಲ್ಲೇ ನಿಂತಿದ್ದ. ಎಲ್ಲರೂ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು. ಅವನ ಲಾರಿಗೆ ಅಜ್ಜಿ ಎಂದು ಹೆಸರು. ಎರಡು ಸೊಂಟದಲ್ಲಿ ಎರಡು ಬಿಂದಿಗೆ ಇಟ್ಟುಕೊಂಡು ನಡೆಯುವ ಮುದುಕಿಯಂತೆ ಅದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು. ಒಂದು ಟ್ಯಾಂಕು ಮುಗಿದರೆ ಸೀಟಿನ ಕೆಳಗಿನ ಹಿಡಿ ತಿರುಗಿಸಬೇಕು. ಇನ್ನೊಂದರಿಂದ ಡೀಸೆಲ್ ಬರುತ್ತದೆ. ಸೀಟಿನ ಸ್ಪ್ರಿಂಗು ಮಾತ್ರ ಡ್ರೈವರಣ್ಣನ ಬೆನ್ನುಮೂಳೆಗಳನ್ನು ದಿನಾ ಒಂದೊಂದಾಗಿ ಎಣಿಸುತ್ತಿತ್ತು.

ಶೆಡ್ಡಿನ ಮೂಲೆಯಲ್ಲಿ ಹೊಸ ಲಾರಿಯೊಂದು ನಿಂತಿತ್ತು. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ.

"ನೋಡಯ್ಯ," ಎಂದರು ಸಾಹುಕಾರರು, ಹತ್ತು ಜನ ಡ್ರೈವರುಗಳ ಎದುರಿಗೇ. "ಫ್ಯಾಕ್ಟರಿಗೆ ಹೋಗಿ ಬಿಡಿಭಾಗದ ಲೋಡು ತಗೊಂಡು ಸಂಜೆ ಐದರೊಳಗೆ ಇಲ್ಲಿರು. ಹೊಸ ಗಾಡಿ ನಿಂದು. ಐದು ದಾಟ್ತೋ, ನನ್ನ ಬಾಮೈದಂದು."

"ಐದೇನ್ ಸಾರ್, ನಾಲ್ಕಕ್ಕೇ ಬರ್ತೀನಿ."

ಬಾಮೈದ ಹಲ್ಲುಕಡ್ಡಿ ಕಚ್ಚಿಕೊಂಡು ನಕ್ಕ.

ಹೋಗುವಾಗ ಗಾಡಿ ಖಾಲಿ, ದಾರಿ ಇಳಿಜಾರು. ಆದರೂ ಅಜ್ಜಿ ಎರಡು ಸಲ ಕೆಮ್ಮಿತು. ಹಿಡಿ ತಿರುಗಿಸಿದರೆ ಸುಧಾರಿಸಿಕೊಳ್ಳುತ್ತಿತ್ತು. 'ವಯಸ್ಸಾಯ್ತು ಪಾಪ' ಎಂದುಕೊಂಡ ಡ್ರೈವರಣ್ಣ ಲೋಡು ಹಾಕಿಸಿಕೊಂಡು ಒಂದೂವರೆಗೆ ಹಿಂದಿರುಗಿದ. ಈಗ ಬೆನ್ನ ಮೇಲೆ ಭಾರವಿತ್ತು, ಎದುರಿಗೆ ಏರು. ಎಡಗಡೆಯ ಟ್ಯಾಂಕು ಕೈಕೊಟ್ಟಿತು. ಬಲಗಡೆಯದಕ್ಕೆ ತಿರುಗಿಸಿದ. ನಾಲ್ಕು ಮೈಲಿ ಓಡಿ ಅದೂ ಕೈಕೊಟ್ಟಿತು. ಮತ್ತೆ ಎಡಕ್ಕೆ. ಒಂದು ಮೈಲಿ. ಬಲಕ್ಕೆ. ಅರ್ಧ ಮೈಲಿ. ಮುನಿಸಿಕೊಂಡ ಇಬ್ಬರು ಅತ್ತಿಗೆಯರ ನಡುವೆ ಓಡಾಡುವ ಮೈದುನನಂತಾಯಿತು ಅವನ ಪಾಡು. ಕೊನೆಗೆ ಏರು ಮುಗಿಯುವಲ್ಲಿ, ಪಂಕ್ಚರ್ ಅಂಗಡಿಯ ಎದುರು, ಅಜ್ಜಿ ದೊಡ್ಡದೊಂದು ನಿಟ್ಟುಸಿರು ಬಿಟ್ಟು ನಿಂತೇಬಿಟ್ಟಿತು. ಶೆಡ್ಡು ಇನ್ನು ಒಂಬತ್ತು ಮೈಲಿ. ಗಂಟೆ ಮೂರು.

ಅಲ್ಲಿ ಸಾಲಾಗಿ ಮೂರು ಅಂಗಡಿ: ಪಂಕ್ಚರಿನವನದು, ಕ್ಷೌರಿಕನದು, ಒಬ್ಬ ಅಕ್ಕನ ಟೀ ಅಂಗಡಿ. ಟೀ ಅಂಗಡಿಯ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಪೇಪರು ಓದುತ್ತಿದ್ದರು. ಲಾರಿ ನಿಂತ ಅರ್ಧ ನಿಮಿಷದಲ್ಲಿ ಮೂವರು ಗಂಡಸರೂ ಅದರ ಸುತ್ತ ಇದ್ದರು. ಕ್ಷೌರಿಕನ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದವನೊಬ್ಬ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡುತ್ತ ಒಬ್ಬನೇ ಉಳಿದ.

"ಡೀಸೆಲ್ ಇದೆಯಾ?" ಎಂದ ಪಂಕ್ಚರಿನವನು.

"ಎರಡೂ ಫುಲ್."

"ಹಾಗಾದ್ರೆ ಫಿಲ್ಟರ್."

"ಫಿಲ್ಟರ್ ಅಲ್ಲ, ಪಂಪು," ಎಂದ ಕ್ಷೌರಿಕ. "ನಮ್ಮ ಮಾವನ ಟ್ರ್ಯಾಕ್ಟರು ಹೀಗೇ ಮಾಡ್ತಿತ್ತು."

"ಆಮೇಲೇನಾಯ್ತು?"

"ಮಾರಿಬಿಟ್ರು."

ಮೇಷ್ಟ್ರು ಪೇಪರು ಮಡಿಸಿದರು. "ಮೊದಲು ವಿಚಾರ ಮಾಡಬೇಕು ಕಣ್ರಯ್ಯ. ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ. ಗಾಳಿಯನ್ನು ಹೊರಗೆ ಹಾಕಿ."

ಪಂಕ್ಚರಿನವನು ಫಿಲ್ಟರ್ ಬಿಚ್ಚಿ, ಊದಿ, ಒರೆಸಿ, ಮತ್ತೆ ಹಾಕಿದ. ಒಂದು ನಟ್ಟು ಉಳಿಯಿತು. "ಇದು ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರ್ತಾರೆ," ಎಂದು ಜೇಬಿಗಿಳಿಸಿದ. ಕ್ಷೌರಿಕ ಪೈಪು ಬಿಚ್ಚಿ, "ಟ್ಯಾಂಕಿಂದ ಬರ್ತಿದೆಯಾ ನೋಡೋಣ," ಎಂದು ಬಾಯಿಟ್ಟು ಎಳೆದ. ಕೆನ್ನೆಗಳು ಒಳಗೆ ಹೋದವು, ಕಣ್ಣು ಹೊರಗೆ ಬಂದವು, ಡೀಸೆಲ್ ಬರಲಿಲ್ಲ. ಇನ್ನೊಮ್ಮೆ ಜೀವ ಬಿಟ್ಟು ಎಳೆದಾಗ ಒಂದು ಗುಟುಕು ಬಂದು ನೇರವಾಗಿ ಹೊಟ್ಟೆಗಿಳಿಯಿತು. ಆಮೇಲೆ ಕಾಲು ಗಂಟೆ ಅವನು ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ತೇಗು ಮಾತ್ರ ಕೊಟ್ಟ. ಅವನ ಹತ್ತಿರ ಯಾರೂ ಬೀಡಿ ಹಚ್ಚಲಿಲ್ಲ.

"ಗಾಳಿ! ಗಾಳಿ ತೆಗೀರಿ!" ಎಂದು ಮೇಷ್ಟ್ರು ತಾವೇ ಬಗ್ಗಿ ಕೈಪಂಪು ಒತ್ತತೊಡಗಿದರು. ಇಪ್ಪತ್ತು ಸಲ ಒತ್ತಿದರೂ ಏನಿಲ್ಲ. ಇಪ್ಪತ್ತೊಂದನೆಯದಕ್ಕೆ, ಉಳಿದ ನಟ್ಟಿನ ಜಾಗದಿಂದ, ಡೀಸೆಲ್ ಪಿಚಕ್ಕನೆ ಹಾರಿ ಅವರ ಬಿಳಿ ಷರ್ಟಿನ ಮೇಲೆ ಒಂದು ಖಂಡದ ನಕಾಶೆ ಬರೆಯಿತು.

"ನಟ್ಟು ಕಂಪನಿಯವರು ಸುಮ್ಮನೆ ಹಾಕಿರಲ್ಲ ಅನ್ಸುತ್ತೆ," ಎಂದು ಪಂಕ್ಚರಿನವನು ಅದನ್ನು ಜೇಬಿನಿಂದ ತೆಗೆದು ಮೆಲ್ಲಗೆ ಸಿಕ್ಕಿಸಿದ.

ಅಷ್ಟರಲ್ಲಿ ಟ್ಯಾಂಕಿನ ತಗಡು ತಾನೇ ತಾನಾಗಿ 'ಟಣ್' ಎಂದಿತು.

"ಒಳಗೆ ಏನೋ ಇದೆ," ಎಂದ ಕ್ಷೌರಿಕ, ಬಾಯಿ ಒರೆಸಿಕೊಂಡು. "ಮುಚ್ಚಳ ತೆಗೆದು ನೋಡು."

"ಕೀಲಿ ಸಾಹುಕಾರರ ಹತ್ರ ಇದೆ."

ಡ್ರೈವರಣ್ಣ ಫೋನ್ ಹಚ್ಚಿದ. "ಸಾರ್, ಗಾಡಿ ನಿಂತಿದೆ. ಕೀಲಿ ಕಳಿಸಿಕೊಟ್ರೆ—"

"ಕೀಲಿ ಯಾಕೆ?"

"ಮುಚ್ಚಳ ತೆಗೆದು ನೋಡೋಕೆ ಸಾರ್."

"ತುಂಬಿದ ಟ್ಯಾಂಕಿನ ಮುಚ್ಚಳ ತೆಗೆಯೋ ಕೆಲಸ ಕಳ್ಳನಿಗೆ ಬಿಟ್ರೆ ಇನ್ಯಾರಿಗಿದೆಯಯ್ಯ? ಆ ಬೀಗ ಮುರಿದಿದ್ದು ಕಂಡರೆ ಹೊಸ ಗಾಡಿ ಹಾಗಿರಲಿ, ಹಳೇದೂ ಇಲ್ಲ. ಐದು ಗಂಟೆ!"

ನಾಲ್ಕು ಹೊಡೆಯಿತು. ಡ್ರೈವರಣ್ಣ ಟೀ ಅಂಗಡಿಯ ಬೆಂಚಿನ ಮೇಲೆ ತಲೆ ಮೇಲೆ ಕೈಹೊತ್ತು ಕೂತ. ಕಣ್ಣ ಮುಂದೆ ಪ್ಲಾಸ್ಟಿಕ್ಕು ಬಿಚ್ಚದ ಸೀಟು. ಅದರ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡ ಬಾಮೈದ.

ಅಕ್ಕ ಎಣ್ಣೆಯ ಹೊಸ ಡಬ್ಬವೊಂದನ್ನು ಕಾಲುಗಳ ನಡುವೆ ಹಿಡಿದು ಕೂತಿದ್ದಳು. ಮೊಳೆಯಿಟ್ಟು ಕಲ್ಲಿನಿಂದ ಒಂದು ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಎರಡು ಸಲ ಗುಳುಗುಳು ಎಂದು ನಿಂತುಹೋಯಿತು. ಅವಳು ಡಬ್ಬ ನೆಟ್ಟಗೆ ನಿಲ್ಲಿಸಿ ಎದುರು ಮೂಲೆಗೆ ಇನ್ನೊಂದು ತೂತು ಹೊಡೆದಳು. ಎಣ್ಣೆ ದಾರದಂತೆ ಇಳಿಯಿತು.

ಡ್ರೈವರಣ್ಣ ತಲೆಯಿಂದ ಕೈ ತೆಗೆದ. "ಅಕ್ಕ, ಎರಡನೇ ತೂತು ಯಾಕೆ?"

"ಗಾಳಿ ಒಳಗೆ ಹೋಗದೆ ಎಣ್ಣೆ ಹೆಂಗಪ್ಪ ಆಚೆ ಬರುತ್ತೆ? ಆಗಲೇ ಹೇಳೋಣ ಅಂದ್ಕೊಂಡೆ. ನಿಮ್ಮ ಮುಚ್ಚಳಕ್ಕೆ ಗಾಳಿ ಆಡೋಕೆ ದಾರೀನೇ ಇಲ್ಲ. ಇವರು ಮೂರು ಜನ ಮಾತಾಡ್ತಿರುವಾಗ ನಂಗೆಲ್ಲಿ ಸಂದು ಸಿಗುತ್ತೆ?"

"ಹೆಂಗಸರಿಗೇನು ಗೊತ್ತು ಇಂಜಿನ್ನು," ಎಂದ ಕ್ಷೌರಿಕ, ಮತ್ತು ತೇಗಿದ.

ಡ್ರೈವರಣ್ಣ ಮೊಳೆಯನ್ನೂ ಕಲ್ಲನ್ನೂ ಎತ್ತಿಕೊಂಡು ಓಡಿದ. ಬೀಗ ಮುಟ್ಟಲಿಲ್ಲ. ಮುಚ್ಚಳದ ಅಂಚಿನಲ್ಲಿ, ಹಿಂಬದಿಗೆ, ಮೊಳೆಯಿಟ್ಟು ಒಂದೇ ಏಟು. 'ಸ್ಸ್ಸ್ಸ್' ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಬೆಳಗಿನಿಂದ ಬಾಯಿ ಒತ್ತಿ ಹಿಡಿದಿದ್ದ ಕೈ ಸರಿದಾಗ ಮನುಷ್ಯ ಎಳೆದುಕೊಳ್ಳುವಂಥ ಉಸಿರು. ಒಳಗೆ ತಗ್ಗಿದ್ದ ತಗಡು 'ಟಣ್' ಎಂದು ಉಬ್ಬಿ ತನ್ನ ಆಕಾರಕ್ಕೆ ಬಂತು. ಇನ್ನೊಂದು ಟ್ಯಾಂಕಿಗೂ ಅದೇ ಔಷಧಿ. ಇಂಜಿನ್ನಿನ ಕೀಲಿ ತಿರುಗಿಸಿದರೆ ಅಜ್ಜಿ ಹದಿನಾರರ ಹುಡುಗಿಯಂತೆ ಎದ್ದಳು.

"ನಾನು ಗಾಳಿ ಅಂತ ಮೊದಲೇ ಹೇಳಿರಲಿಲ್ವೆ?" ಎಂದರು ಮೇಷ್ಟ್ರು.

ಐದಕ್ಕೆ ಎಂಟು ನಿಮಿಷವಿರುವಾಗ ಲಾರಿ ಶೆಡ್ಡು ಹೊಕ್ಕಿತು. ಹತ್ತು ಡ್ರೈವರುಗಳು ಶಿಳ್ಳೆ ಹೊಡೆದರು. ಬಾಮೈದನ ಹಲ್ಲುಕಡ್ಡಿ ಮುರಿಯಿತು. ಸಾಹುಕಾರರು ಮೊದಲು ಟ್ಯಾಂಕಿನ ಬಳಿ ಹೋಗಿ ಎರಡೂ ಬೀಗಗಳನ್ನು ಜಗ್ಗಿ ನೋಡಿದರು. ಬೀಗ ನೋಡುವ ಕಣ್ಣಿಗೆ ತೂತು ಕಾಣಲಿಲ್ಲ.

"ಭಲೇ! ಮಾತು ಅಂದ್ರೆ ಮಾತು. ತಗೋ, ಹೊಸ ಗಾಡಿ ನಿಂದು."

ಕೀಲಿ ಅಂಗೈಗೆ ಬಿತ್ತು. ಡ್ರೈವರಣ್ಣ ಸೀಟಿನ ಪ್ಲಾಸ್ಟಿಕ್ಕು ಹರಿದು, ಕೂತು, ಬೆನ್ನನ್ನು ಆನಿಸಿದ. ಮೂಳೆ ಎಣಿಸುವವರು ಯಾರೂ ಇರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಕೆಳಗೆ ಪೆಟ್ಟಿಗೆಗಳನ್ನು ಒಡೆಯುತ್ತಿದ್ದರು. ಮೊದಲ ಪೆಟ್ಟಿಗೆಯಿಂದ ಹೊಳೆಯುವ ಟ್ಯಾಂಕಿನ ಮುಚ್ಚಳ ಬಂತು. ಎರಡನೆಯದರಿಂದಲೂ ಮುಚ್ಚಳ. ಲೋಡಿಗೆ ಲೋಡೇ ಬೀಗದ ಮುಚ್ಚಳ.

"ಇದೇನ್ ಸಾರ್?" ಎಂದ ಡ್ರೈವರಣ್ಣ, ಸೀಟಿನಿಂದ ಕೆಳಗಿಳಿದು.

"ನಮ್ಮ ಎಲ್ಲ ಗಾಡಿಗೂ ಹಾಕೋಕೆ, ಉಳಿದಿದ್ದು ಬೇರೆ ಸಾಹುಕಾರರಿಗೆ ಮಾರೋಕೆ. ನಿನ್ನ ಗಾಡಿಗೆ ಹಾಕಿದ್ದು ಮಾದರಿ. ಇವತ್ತು ಅದರ ಪರೀಕ್ಷೆ. ಗಾಡಿ ಐದರೊಳಗೆ ಬರದೆ ಇದ್ದಿದ್ರೆ ಇಷ್ಟೂ ಮಾಲು ವಾಪಸ್ ಕಳಿಸ್ತಿದ್ದೆ. ನೀನು ಪಾಸ್ ಮಾಡಿಸಿಬಿಟ್ಟೆ ಕಣಯ್ಯ!"

ಹತ್ತು ಡ್ರೈವರುಗಳ ಶಿಳ್ಳೆ ನಿಂತಿತು. ಹತ್ತು ಜೊತೆ ಕಣ್ಣುಗಳು ಡ್ರೈವರಣ್ಣನತ್ತ ತಿರುಗಿದವು. ನಿಜ ಹೇಳಲು ಬಾಯಿ ತೆರೆದ. ತೂತಿನ ಕತೆ ಹೇಳಿದರೆ ಕಳ್ಳನಾಗುತ್ತೇನೆಂದು ನೆನಪಾಗಿ ಆಕಳಿಸಿದಂತೆ ಮಾಡಿ ಮುಚ್ಚಿಕೊಂಡ. ಸಾಹುಕಾರರು ಮೊದಲ ಮುಚ್ಚಳವನ್ನು ಹೊಸ ಲಾರಿಗೇ ಬಿಗಿದು ಬೀಗ ಹಾಕಿದರು.

"ಮಾದರಿ ಬರೀ ತಗಡು. ಇದು ಗಟ್ಟಿ ಉಕ್ಕು, ಒಳಗೆ ರಬ್ಬರ್ ಬೇರೆ. ಹೋಗು, ಇನ್ನರ್ಧ ಲೋಡು ಫ್ಯಾಕ್ಟರೀಲಿದೆ, ಕತ್ತಲಾಗೋದ್ರೊಳಗೆ ಸೇರ್ಕೋ. ಬಾಮೈದ ಹಳೇ ಗಾಡೀಲಿ ಹಿಂದೆ ಬರ್ತಾನೆ."

ಹೊಸ ಲಾರಿ ಒಂಬತ್ತು ಮೈಲಿ ಹಕ್ಕಿಯಂತೆ ಹಾರಿತು. ಏರಿನ ನೆತ್ತಿಯಲ್ಲಿ, ಪಂಕ್ಚರ್ ಅಂಗಡಿಯ ಎದುರು, ಒಮ್ಮೆ ಕೆಮ್ಮಿ ನಿಂತಿತು. ಡ್ರೈವರಣ್ಣನ ಕೈ ರೂಢಿಯಂತೆ ಸೀಟಿನ ಕೆಳಗೆ ಹೋಗಿ ತಡಕಾಡಿತು. ಅಲ್ಲಿ ಹಿಡಿ ಇರಲಿಲ್ಲ. ಹೊಸ ಲಾರಿಗೆ ಟ್ಯಾಂಕು ಒಂದೇ.

"ಫಿಲ್ಟರ್!" ಎಂದು ಕೂಗುತ್ತ ಪಂಕ್ಚರಿನವನು ಎದ್ದ. ಮೇಷ್ಟ್ರು ಈ ಸಲ ದೂರವೇ ನಿಂತರು. ಅಕ್ಕ ಮಾತಿಲ್ಲದೆ ಮೊಳೆ ತಂದು ಅಂಗೈಯಲ್ಲಿಟ್ಟಳು. ಡ್ರೈವರಣ್ಣ ಒಂದೇ ಏಟು ಹಾಕಿದ. ಮೊಳೆ ಗಾಳದಂತೆ ಬಾಗಿತು. ಉಕ್ಕಿನ ಮೇಲೆ ಗೀರೂ ಬೀಳಲಿಲ್ಲ.

ಫೋನ್ ಹಚ್ಚಿದ. "ಸಾರ್, ಹೊಸ ಗಾಡಿ ನಿಂತಿದೆ. ಇದು ಮುಚ್ಚಳದ್ದೇ ತೊಂದರೆ ಸಾರ್."

ಸಾಹುಕಾರರು ಹೊಟ್ಟೆ ತುಂಬ ನಕ್ಕರು. "ಮುಚ್ಚಳದ್ದಂತೂ ಅಲ್ಲ ಬಿಡಯ್ಯ. ಅದನ್ನ ಪಾಸ್ ಮಾಡಿಸಿದ್ದೇ ನೀನು!"

ಅಷ್ಟರಲ್ಲಿ ಹಿಂದಿನಿಂದ ಪರಿಚಯದ ಹಾರ್ನ್ ಕೇಳಿಸಿತು. ಎರಡು ಸೊಂಟದಲ್ಲಿ ಎರಡು ತೂತಿನ ಮುಚ್ಚಳ ಇಟ್ಟುಕೊಂಡು ಅಜ್ಜಿ ಲೀಲಾಜಾಲವಾಗಿ ಓಡಿ ಬಂದಳು. ಬಾಮೈದ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಾಯಲ್ಲಿ ಹೊಸ ಹಲ್ಲುಕಡ್ಡಿಯಿತ್ತು.

"ಅಣ್ಣಾ, ಹಳೇ ಗಾಡಿ ಇಷ್ಟು ಚೆನ್ನಾಗಿದೆ ಅಂತ ಯಾರಿಗೂ ಹೇಳೇ ಇರಲಿಲ್ವಲ್ಲೋ! ಬೆಣ್ಣೆ ಕಣೋ, ಬೆಣ್ಣೆ!"

ಅಜ್ಜಿ ವಾಲಾಡುತ್ತ ಇಳಿಜಾರಿನಲ್ಲಿ ಮರೆಯಾದಳು. ಅಕ್ಕ ಟೀ ತಂದು ಬೆಂಚಿನ ಮೇಲಿಟ್ಟು, ಬಾಗಿದ ಮೊಳೆಯನ್ನು ಎತ್ತಿಕೊಂಡಳು.

"ನೇರ ಮಾಡಿಡ್ತೀನಿ. ನಾಳೆಯಿಂದ ಇನ್ನೂ ಹತ್ತು ಗಾಡಿ ಇಲ್ಲಿ ನಿಲ್ಲುತ್ತೆ ಅಲ್ವಾ?" ಎಂದಳು. "ಹಾಲು ಜಾಸ್ತಿ ತರಿಸಬೇಕು."